ಕಲ್ಲಿದ್ದಲ ಹೊಗೆಯೂ ಕರಿಯ ಪತಂಗವೂ



ವೈರಿಗಳಿಂದ ಪಾರಾಗಲು ಕೀಟಗಳಿಗಿರುವ ಉಪಾಯಗಳು ಹಲವು. ಅವುಗಳಲ್ಲಿ ನಾವು ಇಂಗ್ಲೆಂಡಿನ ಒಂದು ಪತಂಗದ ಇತಿಹಾಸವನ್ನಷ್ಟೇ ಆರಿಸಿಕೊಂಡಿದ್ದೇವೆ. ಅದನ್ನು ಲೋಕಪ್ರಸಿದ್ಧಗೊಳಿಸಿದವರು ನಮ್ಮದೇ ವೃತ್ತಿಯವರೆಂಬ ಪಕ್ಷಪಾತವೂ ಇದರಲ್ಲಿ ಇಲ್ಲದಿಲ್ಲ.

ಪೆಪ್ಪರ್ಡ್ ಮಾತ್ ಎಂಬ ಈ ಪತಂಗದ ಬಿಳಿಯ ರೆಕ್ಕೆಗಳ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತಹ ಚುಕ್ಕೆಗಳಿರುತ್ತವೆ. ಇರುಳಲ್ಲಿ ಹಾರಾಡಿ ಹಗಲೆಲ್ಲ ಮರಕ್ಕೆ ಅಂಟಿ ಕುಳಿತಿರುವ ಇದು, ತೊಗಟೆಯ ಮೇಲಿನ ಕಲ್ಲುಹೂವಿನ ನಡುವೆ ಹಕ್ಕಿಯ ಕಣ್ಣಿಗೆ ಸುಲಭವಾಗಿ ಬೀಳದು. (ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ಬಳಗದ್ದೇ ಅದು!) ಕೈಗಾರಿಕಾ ಕ್ರಾಂತಿಯ ಹೊಗೆ ಕಲ್ಲುಹೂವನ್ನು ಕೊಂದು ಮರಗಳಿಗೆ ಮಸಿ ಬಳಿಯಿತು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕರಿಯ ಪತಂಗವೊಂದು ಅಪರೂಪದ ವಸ್ತುವಾಗಿ ಸಿಕ್ಕಿತು. 1895ರ ವೇಳೆಗೆ ಅಲ್ಲಿ ನೂರಕ್ಕೆ 98 ಕರಿಯವೇ. ಯಾವ ಪತಂಗವೂ ತನ್ನ ಬಣ್ಣವನ್ನು ಬದಲಿಸಿಕೊಳ್ಳಲಿಲ್ಲವೆಂಬುದನ್ನು ಗಮನಿಸಬೇಕು. ಎದ್ದು ಕಾಣುವ ಬಿಳಿಯವು ಹಕ್ಕಿಗಳ ಪಾಲಾದವು. ಮಸಿಯಲ್ಲಿ ಮರೆಯಾದ ಕರಿಯವು ಸಂತಾನವನ್ನು ಬೆಳೆಸಿದವು. ಟಟ್ ಎಂಬ ಕೀಟತಜ್ಞರು 1896ರಲ್ಲಿ ಹೀಗೆಂದು ತರ್ಕಿಸಿದ್ದರು.

ಈ ತರ್ಕವನ್ನು ಪರೀಕ್ಷೆಗೊಡ್ಡಿದವರು ವೈದ್ಯವೃತ್ತಿಯನ್ನು ತೊರೆದು ಆಕ್ಸ್‌ಫರ್ಡ್ ಸೇರಿದ ಬರ್ನಾರ್ಡ್ ಕೆಟಲ್‌ವೆಲ್. 1953ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಮಸಿ ಹಿಡಿದ ಕಾಡಿನಲ್ಲಿ ಅವರು ಗುರುತು ಹಾಕಿದ ಪತಂಗಗಳನ್ನು ಬಿಟ್ಟರು. ಮರಳಿ ಸಿಕ್ಕಿದವು ಕರಿಯವುಗಳಲ್ಲಿ ಶೇಕಡಾ 27.5, ಬಿಳಿಯವುಗಳಲ್ಲಿ ಕೇವಲ 13. 1955ರಲ್ಲಿ ಡಾರ್ಸೆಟ್ಟಿನ ಹೊಗೆಯಿಲ್ಲದ ಕಾಡಿನಲ್ಲಿ ಲೆಕ್ಕ ತಿರುಗುಮುರುಗಾಯಿತು. ಪಠ್ಯಪುಸ್ತಕಗಳಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಅವರು ಪತಂಗಗಳನ್ನು ಹಗಲಿನಲ್ಲಿ ಕಾಂಡಗಳ ಮೇಲೆ ಒತ್ತೊತ್ತಾಗಿ ಬಿಟ್ಟಿದ್ದರು. ಸ್ವಭಾವತಃ ಅವು ಹೆಚ್ಚಾಗಿ ಕೊಂಬೆಗಳನ್ನು ಆಶ್ರಯಿಸುತ್ತವೆ. 2002ರಲ್ಲಿ ಪ್ರಕಟವಾದ ಪುಸ್ತಕವೊಂದು ಮೋಸದ ಶಂಕೆಯನ್ನೇ ಹೊರಿಸಿತು. 1979ರಲ್ಲೇ ತೀರಿಕೊಂಡಿದ್ದ ಕೆಟಲ್‌ವೆಲ್ ಉತ್ತರಿಸುವಂತಿರಲಿಲ್ಲ. ವಿಧಾನದ ಕೊರತೆ ಬೇರೆ, ವಂಚನೆ ಬೇರೆ. ಔಷಧ ಪರೀಕ್ಷೆಗಳ ವರದಿಗಳನ್ನು ಓದುತ್ತ ಬಂದಿರುವ ವೈದ್ಯರಾದ ನಮಗೆ ಆ ಆಪಾದನೆ ಅನ್ಯಾಯವೆಂದೇ ತೋರುತ್ತದೆ.

ಆಪಾದನೆಗೆ ಮಾತಿನ ಉತ್ತರ ಸಾಲದು. ಕೇಂಬ್ರಿಜ್ಜಿನ ಮೈಕೆಲ್ ಮಜೇರಸ್ ಅವರು ಆರು ವರ್ಷಗಳ ಕಾಲ 4,864 ಪತಂಗಗಳನ್ನು ರಾತ್ರಿಯ ಹೊತ್ತು ಬಿಟ್ಟು, ತಾವು ಕೂರುವ ಜಾಗವನ್ನು ಅವೇ ಆರಿಸಿಕೊಳ್ಳಲು ಅವಕಾಶವಿತ್ತು, ಬೆಳಗ್ಗೆ ಎಣಿಸಿದರು. 1956ರ ಶುದ್ಧ ಗಾಳಿಯ ಕಾಯಿದೆಯ ತರುವಾಯ ಮರಗಳು ಮತ್ತೆ ತಿಳಿಯಾಗಿದ್ದವು; ಹಕ್ಕಿಗಳು ಈಗ ಕರಿಯವನ್ನೇ ಹೆಚ್ಚಾಗಿ ಹೆಕ್ಕುತ್ತಿದ್ದವು. ಒಂಬತ್ತು ಜಾತಿಯ ಹಕ್ಕಿಗಳು ಪತಂಗಗಳನ್ನು ತಿನ್ನುವುದನ್ನು ಅವರು ಕಣ್ಣಾರೆ ಕಂಡರು. 2009ರಲ್ಲಿ ಮಜೇರಸ್ ತೀರಿಕೊಂಡರು. ಅವರ ಲೆಕ್ಕಗಳನ್ನು ಬೇರೆ ವಿಜ್ಞಾನಿಗಳು ಪರಿಶೀಲಿಸಿ 2012ರಲ್ಲಿ ಅಚ್ಚಿಗೆ ಕೊಟ್ಟರು.