ಕೋಳಿಯ ಮೇವಿನಲ್ಲಿ ಮದ್ದು: ಆರಿಯೋಮೈಸಿನ್‌ನಿಂದ ನ್ಯಾನೋಕಣದವರೆಗೆ



ನಮ್ಮಲ್ಲಿ ಅನೇಕರ ಮನೆಗಳಲ್ಲಿ ವಾರಾಂತ್ಯಕ್ಕೆ ಕೋಳಿಸಾರು ಕುದಿಯುತ್ತದೆ. ಆ ಕೋಳಿ ಏನನ್ನು ತಿಂದು ಬೆಳೆಯಿತೆಂಬ ಪ್ರಶ್ನೆಗೆ ಮುಕ್ಕಾಲು ಶತಮಾನದ ಇತಿಹಾಸವಿದೆ.

1948ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಆರಿಯೋಮೈಸಿನ್ ಎಂಬ ಆಂಟಿಬಯೋಟಿಕ್ ಬೆಳಕಿಗೆ ಬಂದಿತು. ಅಲ್ಲಿ ಸಂಶೋಧನಾ ನಿರ್ದೇಶಕರಾಗಿದ್ದವರು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಸಂಸ್ಥೆಯ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಬಿ-12 ಜೀವಸತ್ವವನ್ನು ಅರಸುತ್ತ, ಈ ಔಷಧದ ಹುದುಗನ್ನು ಕೋಳಿಮರಿಗಳಿಗೆ ತಿನ್ನಿಸಿದರು. ಮರಿಗಳು ನಿರೀಕ್ಷೆ ಮೀರಿ ಬೆಳೆದವು. 1951ರಲ್ಲಿ ಅಮೆರಿಕದ ಸರಕಾರ ಮೇವಿನಲ್ಲಿ ಇಂಥ ಔಷಧಗಳ ಬಳಕೆಗೆ ಒಪ್ಪಿಗೆಯಿತ್ತಿತು.

ತಕ್ಕಡಿ ತೋರಿದ್ದು ಲಾಭವನ್ನು ಮಾತ್ರ. ನಷ್ಟ ಬೇರೆಡೆ ಕಂಡಿತು. ಬಾಸ್ಟನ್ ಬಳಿಯ ಒಂದು ತೋಟದಲ್ಲಿ ಸ್ಟುವರ್ಟ್ ಲೆವಿ ನಡೆಸಿದ ಅಧ್ಯಯನ 1976ರಲ್ಲಿ ಪ್ರಕಟವಾಯಿತು. ಟೆಟ್ರಾಸೈಕ್ಲಿನ್ ಬೆರೆಸಿದ ಮೇವು ತಿಂದ ಕೋಳಿಗಳ ಕರುಳು ಒಂದೇ ವಾರದಲ್ಲಿ ಆ ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾಗಳಿಂದ ತುಂಬಿತ್ತು. ಐದಾರು ತಿಂಗಳೊಳಗೆ ತೋಟದ ಮನೆಯವರ ಮಲಪರೀಕ್ಷೆಯ ಶೇಕಡಾ 31.3ರಷ್ಟು ಮಾದರಿಗಳಲ್ಲಿ ಅಂಥವು ಪ್ರಬಲವಾಗಿದ್ದವು. ನೆರೆಯವರಲ್ಲಿ ಶೇಕಡಾ 6.8 ಮಾತ್ರ. ಮೂತ್ರದ ಸೋಂಕಿಗೆ ಬರೆದ ಮದ್ದು ನಾಟದೆ ರೋಗಿ ಮರಳಿ ಬಂದಾಗ, ವೈದ್ಯರಾದ ನಮಗೆ ಈ ಅಂಕಿಗಳು ನೆನಪಾಗುತ್ತವೆ.

ಸ್ವೀಡನ್ 1986ರಲ್ಲಿ, ಐರೋಪ್ಯ ಒಕ್ಕೂಟ 2006ರಲ್ಲಿ ಬೆಳವಣಿಗೆಗಾಗಿ ಆಂಟಿಬಯೋಟಿಕ್ ತಿನ್ನಿಸುವುದನ್ನು ನಿಷೇಧಿಸಿದವು. 2019ರಲ್ಲಿ ಭಾರತವು ಕೊಲಿಸ್ಟಿನ್ ಔಷಧವನ್ನು ಕೋಳಿಸಾಕಣೆಯಿಂದ ಹೊರಗಿಟ್ಟಿತು. ಆ ತೆರವಾದ ಜಾಗಕ್ಕೆ ಈಗ ಸಸ್ಯಗಳು ಬರುತ್ತಿವೆ. ನಮ್ಮ ಅಜ್ಜಿಯರು ಹೊಟ್ಟೆನೋವಿಗೆ ಕೊಡುತ್ತಿದ್ದ ಓಮದ ಥೈಮೋಲ್, ಅರಿಶಿನದ ಕರ್ಕ್ಯುಮಿನ್ ಅವುಗಳಲ್ಲಿ ಸೇರಿವೆ. ಕರ್ಕ್ಯುಮಿನ್ ಕರುಳಿನಲ್ಲಿ ಸುಲಭವಾಗಿ ಹೀರಲ್ಪಡುವುದಿಲ್ಲ. ಆದುದರಿಂದ ಅದನ್ನು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟು, ಇಲ್ಲವೇ ಅದಕ್ಕಿಂತ ಸಣ್ಣ ಕಣಗಳಾಗಿಸಿ ಮೇವಿಗೆ ಬೆರೆಸುವ ಪ್ರಯೋಗಗಳು ನಡೆದಿವೆ.

ಇನ್ನೊಂದು ವಿಧಾನವೂ ಉಂಟು: ಎಲೆಯ ಸಾರದಿಂದ ಬೆಳ್ಳಿ ಅಥವಾ ಸತುವಿನ ಲವಣವನ್ನು ನ್ಯಾನೋಕಣವಾಗಿಸುವುದು. ಇದನ್ನೂ ‘ಸಸ್ಯಜನ್ಯ’ ಎನ್ನುತ್ತಾರೆ. ಆದರೆ ಸೊಪ್ಪಿನ ರಸದಲ್ಲಿ ಮಿಂದ ಮಾತ್ರಕ್ಕೆ ಬೆಳ್ಳಿ ಸೊಪ್ಪಾಗದು. ಅದು ಯಕೃತ್ತಿನಲ್ಲಿ ಸಂಚಯಗೊಳ್ಳಬಲ್ಲದು. ಬೆಳ್ಳಿಗೂ ಜಗ್ಗದ ಬ್ಯಾಕ್ಟೀರಿಯಾ 1975ರಲ್ಲಿಯೇ ವರದಿಯಾಗಿತ್ತು.

ಕೋಳಿ ಎಷ್ಟು ತೂಗಿತೆಂದು 1950ರಲ್ಲಿ ಕೇಳಿದರು. ತಿಂದದ್ದು ಮುಂದೆ ಎಲ್ಲಿಗೆ ಹೋಯಿತೆಂದು ಕೇಳಲು ದಶಕಗಳೇ ಹಿಡಿದವು. ಈ ಸಲ ಎರಡನೆಯ ಪ್ರಶ್ನೆಯನ್ನು ನಾವು ಮೊದಲೇ ಕೇಳೋಣ.