ಪಟವಾರಿಯ ದಫ್ತರದಿಂದ ಬೆಂಗಳೂರಿನ ಸರ್ವರ್‌ಗೆ: ಗಡಿಭಾಗದ ಪಹಣಿಯ ಚರಿತ್ರೆ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಹಿರೋಳ್ಳಿ ಮಹಾರಾಷ್ಟ್ರದ ಅಕ್ಕಲಕೋಟ ಸೀಮೆಗೆ ಹೊಂದಿಕೊಂಡ ಗಡಿಗ್ರಾಮ. ಈ ಭಾಗದ ರೈತನು ಬೆಳೆಸಾಲ ಪಡೆಯಬೇಕಾದರೂ ತೊಗರಿಗೆ ವಿಮೆ ಮಾಡಿಸಬೇಕಾದರೂ ಮೊದಲು ಕೈಯಲ್ಲಿ ಹಿಡಿಯಬೇಕಾದುದು ಪಹಣಿಯನ್ನು. ಎಂದರೆ ಹೊಲದ ಒಡೆತನ, ವಿಸ್ತೀರ್ಣ, ಅದರ ಮೇಲಿನ ಸಾಲ ಮತ್ತು ಅದರಲ್ಲಿನ ಬೆಳೆಯನ್ನು ತಿಳಿಸುವ, ಸರ್ಕಾರಿ ಭಾಷೆಯಲ್ಲಿ ಗೇಣಿ ಮತ್ತು ಪಹಣಿ ಪತ್ರಿಕೆ ಎನಿಸಿಕೊಂಡ ದಾಖಲೆಯನ್ನು. ಆ ದಾಖಲೆಯ ಮೂಲಪ್ರತಿ ಇಂದು ಊರಿನಲ್ಲೂ ಇಲ್ಲ, ಆಳಂದದಲ್ಲೂ ಇಲ್ಲ. ಸುಮಾರು 600 ಕಿ.ಮೀ. ದೂರದ ಬೆಂಗಳೂರಿನ ದತ್ತಾಂಶ ಕೇಂದ್ರದಲ್ಲಿದೆ. ದಾಖಲೆ ಹೀಗೆ ದೂರ ಸರಿಯುತ್ತ ಹೋದಂತೆ ಅದರ ವಿಳಂಬಕ್ಕೆ ಉತ್ತರ ಕೊಡಬೇಕಾದವನೂ ಹೇಗೆ ಕಾಣದಾದನೆಂಬುದು ಈ ಭಾಗದ ಕಂದಾಯ ಚರಿತ್ರೆಯ ಗಮನಾರ್ಹ ಅಧ್ಯಾಯ.

1948ರ ಸೆಪ್ಟೆಂಬರ್‌ವರೆಗೆ ಕಲಬುರಗಿ ಜಿಲ್ಲೆಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಹಳ್ಳಿಯ ಲೆಕ್ಕಪತ್ರಗಳು ಪಟವಾರಿ ಎಂಬ ವಂಶಪಾರಂಪರ್ಯದ ಗ್ರಾಮಾಧಿಕಾರಿಯ ವಶದಲ್ಲಿದ್ದವು. ಕಂದಾಯ ವರ್ಷವನ್ನು ಫಸಲಿ ಶಕೆಯಲ್ಲಿ ಎಣಿಸಲಾಗುತ್ತಿತ್ತು, 1884ರಿಂದ ಉರ್ದು ಆಡಳಿತ ಭಾಷೆಯಾಗಿದ್ದುದರಿಂದ ಸರ್ಕಾರಿ ಕಾಗದಗಳು ಕನ್ನಡದ ರೈತನಿಗೆ ಓದಲು ಬಾರದವಾಗಿದ್ದವು. ಸಂಸ್ಥಾನವು ಭಾರತಕ್ಕೆ ಸೇರಿದ ಮೇಲೆ, ಫಸಲಿ 1358ರ ಹಕ್ಕುದಾಖಲೆ ವಿಧಿಯ ಆಧಾರದಲ್ಲಿ 1954-55ರಲ್ಲಿ ಸಿದ್ಧವಾದ ಖಾಸ್ರಾ ಪಹಣಿಯು ಭೂಮಿಯನ್ನು ಯಾರು ಉಳುತ್ತಿದ್ದಾರೆ, ಯಾರು ಪಟ್ಟೇದಾರರು ಎಂಬುದನ್ನು ಸರ್ವೆ ನಂಬರುವಾರು ದಾಖಲಿಸಿತು. ಪಟವಾರಿಯ ದಫ್ತರವು ಅವನ ಮನೆಯಲ್ಲೇ ಇರುತ್ತಿದ್ದುದರಿಂದ ತಿದ್ದುಪಡಿಗೂ ಲಂಚಕ್ಕೂ ಜಾತಿಯ ಮೇಲುಕೀಳಿಗೂ ಅದರಲ್ಲಿ ಧಾರಾಳ ಅವಕಾಶವಿತ್ತು. ಆ ವ್ಯವಸ್ಥೆಯನ್ನು ಹಳೆಯದೆಂಬ ಕಾರಣಕ್ಕೆ ಹೊಗಳುವುದು ಸಲ್ಲದು. ಆದರೆ ಕಾಗದ ಸಿಗದ ರೈತನಿಗೆ ಅದನ್ನು ಯಾರು ಕೊಡುತ್ತಿಲ್ಲವೆಂಬ ವಿಷಯದಲ್ಲಿ ಸಂಶಯವಿರಲಿಲ್ಲ.

1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯು ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು, ಅವುಗಳ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರಿದ್ದು, ಒಬ್ಬೊಬ್ಬರಿಗೂ ಮೂರು-ನಾಲ್ಕು ಹಳ್ಳಿಗಳ ಹೊಣೆಯಿತ್ತು. ಲೆಕ್ಕಿಗ ಯಾವ ಹಳ್ಳಿಯಲ್ಲಿದ್ದಾನೆಂದು ಹುಡುಕುವುದೇ ಒಂದು ಕೆಲಸವಾಗಿದ್ದ ಆ ಕಾಲದಲ್ಲಿಯೇ ಗಣಕೀಕರಣದ ಯೋಚನೆ ಹುಟ್ಟಿತು. ಕರ್ನಾಟಕದಲ್ಲಿ ಅದರ ಮೊದಲ ಪ್ರಯೋಗಕ್ಕೆ 1991ರಲ್ಲಿ ಕೇಂದ್ರದ ಪೂರ್ಣ ಅನುದಾನದಲ್ಲಿ ಆಯ್ಕೆಯಾದದ್ದು ಆಗ ಗುಲ್ಬರ್ಗಾ ಎನಿಸಿದ್ದ ಕಲಬುರಗಿ ಜಿಲ್ಲೆಯೇ ಎಂಬುದು ಈಗ ಹೆಚ್ಚಿನವರ ನೆನಪಿನಲ್ಲಿಲ್ಲ. ಪಹಣಿಯು ನಿಜವಾಗಿ ತಿದ್ದುಪಡಿಯಾಗುತ್ತಿದ್ದ ತಾಲ್ಲೂಕು ಮಟ್ಟಕ್ಕೆ ಗಣಕಯಂತ್ರವನ್ನು ಒಯ್ಯುವ ಏರ್ಪಾಡು ಆ ಆರಂಭದ ಯೋಜನೆಗಳಲ್ಲಿ ಇರಲಿಲ್ಲ. ಆದ್ದರಿಂದ ಅವು ರೈತನ ಬಾಗಿಲಿಗೆ ಬರಲೇ ಇಲ್ಲ.

ಆ ಕೊರತೆಯನ್ನು ನೀಗಿದ್ದು ರಾಜೀವ್ ಚಾವ್ಲಾ ಅವರ ಮುಂದಾಳತ್ವದ 'ಭೂಮಿ' ಯೋಜನೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ ತಂತ್ರಾಂಶದಲ್ಲಿ 2002ರ ಹೊತ್ತಿಗೆ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಸೇರಿದ್ದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಸಿಗುತ್ತಿತ್ತು. ಕೈಬರಹದ ಪ್ರತಿಗೆ ಕಾನೂನಿನ ಮಾನ್ಯತೆ ಉಳಿಯಲಿಲ್ಲ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂದು ತಂತ್ರಾಂಶವೇ ಕಟ್ಟುಪಾಡು ಹಾಕಿತು. ಅಧಿಕಾರಿಯು ತಾನು ಮಾಡಿದ ತಿದ್ದುಪಡಿಯನ್ನು ಮುಂದೆ ಅಲ್ಲಗಳೆಯದಂತೆ ಬೆರಳಚ್ಚು ಕೊಟ್ಟೇ ಯಂತ್ರವನ್ನು ತೆರೆಯಬೇಕಿತ್ತು. ದಾಖಲೆಯ ಇತಿಹಾಸದಲ್ಲಿ ಇದು ನಿಜವಾದ ಸಾಧನೆ. ಇಲ್ಲಿ ಮರೆಯಬಾರದ ಇನ್ನೊಂದು ಅಂಶವೆಂದರೆ, ಆಗ ಪ್ರತಿ ತಾಲ್ಲೂಕಿಗೂ ತನ್ನದೇ ಸರ್ವರ್ ಇತ್ತು. ಸರ್ವರ್ ಎಂದರೆ ಕಡತಗಳನ್ನು ತನ್ನಲ್ಲಿರಿಸಿಕೊಂಡು ಕೇಳಿದ ಯಂತ್ರಗಳಿಗೆ ಒದಗಿಸುವ ಗಣಕಯಂತ್ರ. ಆಳಂದದಲ್ಲಿ ವಿದ್ಯುತ್ ಹೋದರೆ ಆಳಂದದ ಕೆಲಸ ನಿಲ್ಲುತ್ತಿತ್ತು. ಬೆಂಗಳೂರಿನ ತಂತಿ ಕಡಿದರೆ ಆಳಂದಕ್ಕೆ ಅದರ ಬಾಧೆ ಇರಲಿಲ್ಲ.

ಹಿರೋಳ್ಳಿಯಂಥ ಊರಿನವರು ಪ್ರತಿ ಪಹಣಿಗೂ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾದುದು ಈ ಏರ್ಪಾಡಿನ ದೋಷವಾಗಿತ್ತು. ಅದನ್ನು ಸರಿಪಡಿಸಲು 2006ರಲ್ಲಿ ಖಾಸಗಿ ಪಾಲುದಾರಿಕೆಯಲ್ಲಿ ಹೋಬಳಿ ಮಟ್ಟದ ಸುಮಾರು 800 ನೆಮ್ಮದಿ ಕೇಂದ್ರಗಳು ಹುಟ್ಟಿಕೊಂಡವು. 2012ರ ಕೊನೆಯಲ್ಲಿ ಅವುಗಳ ಸ್ಥಾನಕ್ಕೆ ನಾಡಕಚೇರಿಗಳ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು, 2016ರಲ್ಲಿ ಗ್ರಾಮ ಪಂಚಾಯಿತಿಗಳ ಬಾಪೂಜಿ ಸೇವಾ ಕೇಂದ್ರಗಳು ಬಂದವು. ಕಿಟಕಿ ಊರಿಗೆ ಹತ್ತಿರವಾಯಿತು. ಆದರೆ ಎಲ್ಲ ಕಿಟಕಿಗಳಿಗೂ ಒಂದೇ ದಾಖಲೆ ಕಾಣಬೇಕಾದರೆ ಅದು ಒಂದೇ ಕಡೆ ಇರಬೇಕಾದ್ದರಿಂದ ಕಡತಗಳು ಬೆಂಗಳೂರಿಗೆ ಸರಿದವು. ಸದಾ ಚಾಲನೆಯಲ್ಲಿರುವ ಯಂತ್ರದಲ್ಲಿ ಕಡತಗಳನ್ನಿರಿಸಿ ದೂರದವರಿಗೆ ಅಂತರ್ಜಾಲದ ಮೂಲಕ ಒದಗಿಸುವ ಈ ವ್ಯವಸ್ಥೆಗೆ ಹೋಸ್ಟಿಂಗ್ ಎಂದು ಹೆಸರು. ದಾಖಲೆಗಳ ಈ ಕೇಂದ್ರೀಕರಣದಿಂದ ಸಣ್ಣ ರೈತನಿಗಿಂತ ದೊಡ್ಡ ಭೂವ್ಯವಹಾರಗಳಿಗೇ ಹೆಚ್ಚು ಅನುಕೂಲವಾಯಿತೆಂದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ವಾದಿಸಿದ್ದರು; ಗಡಿಭಾಗದ ಅನುಭವವು ಆ ವಾದಕ್ಕೆ ಇನ್ನೊಂದು ಮುಖವನ್ನು ಸೇರಿಸುತ್ತದೆ.

ಕಲಬುರಗಿ ಸೀಮೆಯ ಕಚೇರಿಗಳಲ್ಲಿ 'ಸರ್ವರ್ ಇಲ್ರಿ, ನಾಳಿ ಬರ್ರಿ' ಎಂಬ ಮಾತು ಈಗ ಸಾಮಾನ್ಯ. ಅದರ ಹಿಂದೆ ಕನಿಷ್ಠ ಐದು ಬೇರೆ ಬೇರೆ ಕಾರಣಗಳಿರಬಹುದು: ಸ್ಥಳೀಯ ವಿದ್ಯುತ್ ಕಡಿತ, ರಸ್ತೆ ಅಗೆಯುವಾಗ ತುಂಡಾದ ಕೇಬಲ್, ಜಾಲದ ದಟ್ಟಣೆ, ದತ್ತಾಂಶ ಕೇಂದ್ರದ ಯಂತ್ರದೋಷ ಅಥವಾ ತಂತ್ರಾಂಶವೇ ನೌಕರನ ಬೆರಳಚ್ಚನ್ನು ಒಪ್ಪದಿರುವುದು. ಒಂದೊಂದಕ್ಕೂ ಬೇರೆ ಬೇರೆ ಸಂಸ್ಥೆ ಹೊಣೆಯಾಗಿರುವುದರಿಂದ ಕಿಟಕಿಯ ನೌಕರನಿಗೆ ಯಾವ ಕೊಂಡಿ ಕಡಿದಿದೆಯೆಂದು ಗೊತ್ತಾಗುವುದಿಲ್ಲ, ಗೊತ್ತಾದರೂ ಅದನ್ನು ಸರಿಪಡಿಸುವ ಅಧಿಕಾರ ಅವನಿಗಿಲ್ಲ; ರೈತನ ಸಿಟ್ಟಿಗೆ ಗುರಿಯಾಗುವವನು ಮಾತ್ರ ಅವನೇ. ಯಂತ್ರವು ಶೇಕಡಾ 99ರಷ್ಟು ಸಮಯ ಚಾಲನೆಯಲ್ಲಿತ್ತು ಎಂಬ ಲೆಕ್ಕವೂ ಇಲ್ಲಿ ದಾರಿ ತಪ್ಪಿಸುತ್ತದೆ. ಉಳಿದ ಶೇಕಡಾ 1 ಎಂದರೆ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಹೆಚ್ಚು. ಎಲ್ಲರೂ ಒಮ್ಮೆಲೇ ಮುಗಿಬೀಳುವಾಗಲೇ ಯಂತ್ರ ಕುಸಿಯುವುದರಿಂದ ಆ ದಿನಗಳು ಬೀಳುವುದು ಬೆಳೆವಿಮೆಯ ಅಥವಾ ಖರೀದಿ ನೋಂದಣಿಯ ಗಡುವಿನ ಹೊತ್ತಿಗೇ.

ವಿಳಂಬಕ್ಕೆ ಕಾನೂನಿನ ಮದ್ದು ಇಲ್ಲವೆಂದಲ್ಲ. ನಾಗರಿಕರಿಗೆ ಸೇವೆಗಳ ಖಾತರಿ ನೀಡುವ 2011ರ ಕಾಯ್ದೆ, ಅಂದರೆ 2012ರ ಏಪ್ರಿಲ್‌ನಿಂದ 'ಸಕಾಲ' ಎಂಬ ಹೆಸರಿನಲ್ಲಿ ರಾಜ್ಯವ್ಯಾಪಿಯಾಗಿ ಜಾರಿಗೆ ಬಂದ ವ್ಯವಸ್ಥೆ, ಪ್ರತಿ ಸೇವೆಗೂ ಅವಧಿಯನ್ನು ಗೊತ್ತುಪಡಿಸಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಅರ್ಜಿದಾರನ ಹಕ್ಕಾಗಿ ಮಾಡಿತು. ಅರ್ಜಿ ನೋಂದಣಿಯಾದಾಗ ಸಿಗುವ 15 ಅಂಕಿಯ ಸಂಖ್ಯೆಯೇ ಆ ಹಕ್ಕಿನ ಸಾಕ್ಷಿ. ದಿನದ ಎಣಿಕೆ ಶುರುವಾಗುವುದು ನೋಂದಣಿಯಿಂದ. ನೋಂದಣಿಯಾಗುವುದು ಸರ್ವರ್ ತೆರೆದಾಗ. ಹೀಗಾಗಿ ಸರ್ವರ್ ಇಲ್ಲವೆಂದು ಮೂರು ದಿನ ಮರಳಿದ ರೈತನ ಮೂರು ದಿನಗಳು ಸಕಾಲದ ಲೆಕ್ಕಕ್ಕೆ ಬರುವುದೇ ಇಲ್ಲ. ಪಟವಾರಿಯ ಕಾಲದಲ್ಲಿ ವಿಳಂಬಕ್ಕೆ ಮುಖವಿತ್ತು, ಪರಿಹಾರವಿರಲಿಲ್ಲ. ಈಗ ಪರಿಹಾರವಿದೆ, ವಿಳಂಬಕ್ಕೆ ದಾಖಲೆಯಿಲ್ಲ.

ದೊಡ್ಡ ಸುದ್ದಿಯಾದ ನಿಲುಗಡೆಗಳಿಗೆ ಮಾತ್ರ ವಿವರಣೆ ಸಿಕ್ಕಿದೆ. ಆಸ್ತಿ ನೋಂದಣಿಯ 'ಕಾವೇರಿ 2.0' ವ್ಯವಸ್ಥೆಯು 2025ರ ಆರಂಭದಲ್ಲಿ ಕುಸಿದು ರಾಜ್ಯದಾದ್ಯಂತ ನೋಂದಣಿಗಳು ಅಸ್ತವ್ಯಸ್ತಗೊಂಡಾಗ, ಲೆಕ್ಕವಿಲ್ಲದಷ್ಟು ಸುಳ್ಳು ಕೋರಿಕೆಗಳನ್ನು ಒಮ್ಮೆಲೇ ಕಳುಹಿಸಿ ಯಂತ್ರವನ್ನು ಉಸಿರುಗಟ್ಟಿಸುವ ದಾಳಿ ನಡೆದಿದೆಯೆಂದು ಸರ್ಕಾರವೇ ಹೇಳಿತು. ಗಡಿಹಳ್ಳಿಯ ಕಿಟಕಿಯೊಂದರಲ್ಲಿ ನಿಂತುಹೋದ ಮಧ್ಯಾಹ್ನಕ್ಕೆ ಅಂಥ ವಿವರಣೆ ದೊರೆಯುವುದಿಲ್ಲ. 'ಭೂಮಿ'ಯು ಅರ್ಜಿಗಳ ಸರದಿಯನ್ನು ದಾಖಲೆಗೆ ತಂದು ಲಂಚದ ಒಂದು ದಾರಿಯನ್ನು ಮುಚ್ಚಿತು. ನಿಲುಗಡೆಯ ವೇಳೆಯನ್ನೂ ದಾಖಲೆಗೆ ತರುವುದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ. ಸೇವೆ ನಿಂತ ದಿನ ಬಂದವನಿಗೆ ದಿನಾಂಕ, ವೇಳೆ ಮತ್ತು ಕಾರಣವನ್ನು ಬರೆದ ಕೈಚೀಟಿಯನ್ನು ನಾಡಕಚೇರಿಯು ಕೊಡಬೇಕು, ಸಕಾಲದ ಎಣಿಕೆ ಆ ಚೀಟಿಯ ದಿನದಿಂದಲೇ ಶುರುವಾಗಬೇಕು. ಕಾಯ್ದೆಗೆ ಇಷ್ಟು ತಿದ್ದುಪಡಿಯನ್ನು ಗಡಿಭಾಗದ ಜನಪ್ರತಿನಿಧಿಗಳು ಕೇಳಬೇಕಾಗಿದೆ.