ಇಪ್ಪತ್ತೈದು ನಿಮಿಷದ ಪ್ರಬಂಧ

ಹೋದ ದೀಪಾವಳಿಗೆ ಅಕ್ಕನ ಮಗಳು ಪುಣೆಗೆ ಬಂದಿದ್ದಳು. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ತಯಾರಿಯಲ್ಲಿದ್ದಾಳೆ. "ಚಿಕ್ಕಮ್ಮಾ, ಎಸ್‌ಎಟಿಯಲ್ಲಿ ಈಗ ಪ್ರಬಂಧ ಇಲ್ಲ, ಬಚಾವಾದೆ" ಅಂದಳು. ನನಗೆ ನಗುವೂ ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ನಾನು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬಿ.ಇ. ಮುಗಿಸಿ ಜಿಆರ್‌ಇ ಬರೆದಾಗ ಗಣಿತದಲ್ಲಿ ಒಳ್ಳೆಯ ಅಂಕ ಬಂತು, ಬರವಣಿಗೆಯಲ್ಲಿ 6ಕ್ಕೆ 3. ಆ ಮೂರನ್ನು ನೋಡಿ ಅರ್ಜಿಯನ್ನೇ ಹಾಕಲಿಲ್ಲ. ಪ್ರಬಂಧದ ಗೊಡವೆಯಿಲ್ಲದ ಗೇಟ್ ಬರೆದು ಇಲ್ಲೇ ಎಂ.ಟೆಕ್ ಮಾಡಿದೆ. ಆ ನೆನಪಿನಿಂದಲೇ ಈ ಬರವಣಿಗೆ ಪರೀಕ್ಷೆಗಳ ಚರಿತ್ರೆ ಓದಲು ಕುಳಿತೆ.

ಅಮೆರಿಕದ ಕಾಲೇಜ್ ಬೋರ್ಡ್ 1901ರಲ್ಲಿ ನಡೆಸಿದ ಮೊದಲ ಪ್ರವೇಶ ಪರೀಕ್ಷೆಗಳಲ್ಲಿ ಉತ್ತರಗಳನ್ನು ಬರೆದೇ ಕೊಡಬೇಕಿತ್ತು. 1926ರಲ್ಲಿ ಸರಿಯುತ್ತರ ಆರಿಸುವ ಎಸ್‌ಎಟಿ ಬಂತು. ಯುದ್ಧದ ಕಾಲದಲ್ಲಿ, 1942ರಲ್ಲಿ, ಹಳೆಯ ಪ್ರಬಂಧ ಪರೀಕ್ಷೆಗಳು ನಿಂತವು.

ಬರವಣಿಗೆ ಮರಳಿ ಬಂದ ಕಥೆಯಲ್ಲಿ ಹೆಣ್ಣುಮಕ್ಕಳ ಪಾಲೂ ಇದೆ. ನ್ಯಾಷನಲ್ ಮೆರಿಟ್ ವಿದ್ಯಾರ್ಥಿವೇತನಕ್ಕೆ ಪಿಎಸ್‌ಎಟಿ ಅಂಕವೇ ಮೊದಲ ಜರಡಿ. ಆಗ ಪರೀಕ್ಷೆ ಬರೆಯುವವರಲ್ಲಿ ಹುಡುಗಿಯರೇ ಹೆಚ್ಚಿದ್ದರು, ಆಯ್ಕೆಯಾಗುವವರಲ್ಲಿ ಮಾತ್ರ ಕಡಿಮೆ ಇದ್ದರು. 1994ರಲ್ಲಿ ಫೇರ್‌ಟೆಸ್ಟ್ ಸಂಸ್ಥೆ ಈ ಬಗ್ಗೆ ಸರ್ಕಾರಕ್ಕೆ ದೂರು ಕೊಟ್ಟಿತು. ರಾಜಿಯಾಗಿ, 1997ರಲ್ಲಿ ಪಿಎಸ್‌ಎಟಿಗೆ ಬರವಣಿಗೆಯ ಭಾಗ ಸೇರಿತು. ಅದು ಸರಿಯುತ್ತರ ಆರಿಸುವ ಭಾಗವೇ ಆಗಿತ್ತು.

2001ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ರಿಚರ್ಡ್ ಅಟ್ಕಿನ್ಸನ್, ಎಸ್‌ಎಟಿಯನ್ನೇ ಕೈಬಿಡೋಣ ಎಂದರು. ಅಷ್ಟು ದೊಡ್ಡ ವಿಶ್ವವಿದ್ಯಾಲಯ ಕೈತಪ್ಪಿದರೆ ಕಷ್ಟವೆಂದು ಪರೀಕ್ಷೆ ಬದಲಾಯಿತು. 2005ರಿಂದ 25 ನಿಮಿಷದ ಪ್ರಬಂಧ ಸೇರಿ, ಒಟ್ಟು ಅಂಕ 1600ರಿಂದ 2400ಕ್ಕೇರಿತು. ಬರವಣಿಗೆ ಭಾಗದಲ್ಲಿ ಹುಡುಗಿಯರ ಸರಾಸರಿಯೇ ಮುಂದಿತ್ತು.

ಆದರೆ ಅಳತೆಗೋಲೇ ಸರಿಯಿರಲಿಲ್ಲ. ಎಂಐಟಿಯ ಲೆಸ್ ಪೆರೆಲ್‌ಮನ್ ಮಾದರಿ ಪ್ರಬಂಧಗಳನ್ನು ನೋಡಿ, ಉದ್ದ ಹೆಚ್ಚಾದಷ್ಟೂ ಅಂಕ ಹೆಚ್ಚು ಎಂದು ತೋರಿಸಿದರು. ಇಸವಿ, ಹೆಸರು ತಪ್ಪಿದ್ದರೂ ಅಂಕ ಕಳೆಯುವಂತಿರಲಿಲ್ಲ. ಎಷ್ಟೋ ಕಾಲೇಜುಗಳು ಆ ಅಂಕವನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. 2016ರಲ್ಲಿ ಪ್ರಬಂಧ ಐಚ್ಛಿಕವಾಯಿತು. 2018ರಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ಅದನ್ನು ಕೇಳುವುದನ್ನೇ ಬಿಟ್ಟವು. ಬಡ ಮಕ್ಕಳಿಗೆ ಹೆಚ್ಚುವರಿ ಶುಲ್ಕದ ಹೊರೆ ಎಂಬುದೂ ಒಂದು ಕಾರಣ. 2021ರಲ್ಲಿ ಕಾಲೇಜ್ ಬೋರ್ಡ್ ಪ್ರಬಂಧವನ್ನು ನಿಲ್ಲಿಸಿತು.

ಈಗ ಉಳಿದಿರುವುದು ಮನೆಯಲ್ಲಿ ಕುಳಿತು ಬರೆಯುವ ಅರ್ಜಿ ಪ್ರಬಂಧ. ದುಡ್ಡಿದ್ದವರು ಅದನ್ನು ತಿದ್ದಿಕೊಡಲು ಕೌನ್ಸೆಲರ್ ಇಟ್ಟುಕೊಳ್ಳುತ್ತಾರೆ, ಎಐ ಅಂತೂ ಎಲ್ಲರ ಕೈಯಲ್ಲೂ ಇದೆ. ಪರೀಕ್ಷಾ ಕೊಠಡಿಯ 25 ನಿಮಿಷದಲ್ಲಿ ಬೇರೆಯವರ ಕೈ ಸೇರುತ್ತಿರಲಿಲ್ಲ, ಅದೊಂದು ಗುಣ. ಪ್ರಿನ್ಸ್‌ಟನ್ 2018ರಲ್ಲಿ ಹಿಡಿದ ದಾರಿ ನನಗೆ ಹಿಡಿಸಿತು: ಶಾಲೆಯಲ್ಲಿ ಬರೆದು, ಟೀಚರ್ ಅಂಕ ಕೊಟ್ಟ ಬರಹವನ್ನೇ ಕಳಿಸಿ ಎಂದಿತು.

ಒಂದು ಮಾತು ಉಳಿಯಿತು. ನನ್ನ ಜೊತೆ ಜಿಆರ್‌ಇ ಬರೆದ ಗೆಳತಿಗೂ ಬರವಣಿಗೆಯಲ್ಲಿ 3 ಬಂದಿತ್ತು. ಅವಳು ಅರ್ಜಿ ಹಾಕಿದಳು, ಸೀಟು ಸಿಕ್ಕಿತು. ನನ್ನನ್ನು ಯಾವ ಕಾಲೇಜೂ ಬೇಡ ಎಂದಿರಲಿಲ್ಲ, ನಾನೇ ಬೇಡವೆಂದುಕೊಂಡೆ. ನಿಮ್ಮ ಮನೆಯ ಮಕ್ಕಳಿಗೆ, ಅದರಲ್ಲೂ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವ ಹುಡುಗಿಯರಿಗೆ, ಇದನ್ನು ದಯವಿಟ್ಟು ಹೇಳಿ.